ರಾಗಿಯ ನಿದ್ರೆ

2021ನೆಯ ಇಸವಿಯ ನವೆಂಬರು ತಿಂಗಳಿನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಜಡಿಮಳೆ ಹಿಡಿದುದು ಶ್ರೋತೃಗಳ ನೆನಪಿನಲ್ಲಿರಬಹುದು. ರಾಗಿ ಬಲಿತು ಕೊಯ್ಲಿಗೆ ಬಂದಿದ್ದ ಕಾಲವದು. ಪೈರು ನೆಲಕ್ಕೊರಗಿತು, ತೆನೆ ನೆನೆಯಿತು. ಎಷ್ಟೋ ಹೊಲಗಳಲ್ಲಿ ಕಾಳು ತೆನೆಯಲ್ಲಿಯೇ ಮೊಳೆತುಹೋಯಿತು. ಪಟ್ಟಣವಾಸಿಗಳಾದ ನಮಗೆ ಇದರ ಅನರ್ಥ ಒಡನೆ ಹೊಳೆಯಲಾರದು. ರಾಗಿಯನ್ನು ರಾತ್ರಿಯೆಲ್ಲ ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸಿ, ಮಗುವಿಗೆ ಸರಿ ಮಾಡಿ ಉಣಿಸುವವರು ನಾವೇ ಅಲ್ಲವೆ? ಅಡಿಗೆಮನೆಯಲ್ಲಿ ನಾವು ಕಾದು ಬರಿಸಿಕೊಳ್ಳುವ ಮೊಳಕೆಯೇ ಹೊಲದಲ್ಲಿ ಒಕ್ಕಲಿನ ಒಂದು ವರ್ಷದ ಅನ್ನವನ್ನು ಕಳೆಯುತ್ತದೆ.

ನೀರು ಸೋಕಿದ ಬೀಜವೆಲ್ಲ ಮೊಳೆಯಲೇಬೇಕೆಂಬ ನಿಯಮವಿಲ್ಲ. ಬೀಜ ಬಲಿಯುವಾಗ ಅದರೊಳಗೆ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಸೇರಿಕೊಳ್ಳುತ್ತದೆ. ಭ್ರೂಣವನ್ನು ಮಲಗಿಸಿಡುವ ಜೋಗುಳ ಅದೇ. ಎಬ್ಬಿಸುವ ಹಾರ್ಮೋನಿಗೆ ಜಿಬ್ಬರೆಲಿನ್ ಎಂದು ಹೆಸರು. ಇದು ಮನುಷ್ಯನ ಕಣ್ಣಿಗೆ ಬಿದ್ದ ಬಗೆ ವಿಚಿತ್ರವಾದುದು. ಒಂದು ರೋಗ ತಗುಲಿದ ಬತ್ತದ ಸಸಿಗಳು ಅತಿಯಾಗಿ ನೀಳವಾಗಿ ಬೆಳೆದು ಬೀಳುತ್ತಿದ್ದುವು. ಅದಕ್ಕೆ ಕಾರಣ ಒಂದು ಬೂಷ್ಟು ಸ್ರವಿಸುವ ದ್ರವ್ಯವೆಂದು ಜಪಾನಿನ ವಿಜ್ಞಾನಿ ಕುರೊಸಾವ 1926ರಲ್ಲಿ ತೋರಿಸಿದನು. ಬೂಷ್ಟಿನಲ್ಲಿ ಕಂಡ ಆ ಪದಾರ್ಥ ಗಿಡಗಳಲ್ಲಿಯೂ ಸ್ವಭಾವತಃ ಉಂಟೆಂಬುದು ತಿಳಿದುದು ಆಮೇಲೆ.

ಕಾಳು ನೀರು ಕುಡಿದಾಗ ಈ ಎರಡರ ತೂಕ ನೋಡಬೇಕು. ಅಬ್ಸಿಸಿಕ್ ಆಮ್ಲ ಕರಗುತ್ತ ಬಂದು ಜಿಬ್ಬರೆಲಿನ್ ಮೇಲುಗೈಯಾದರೆ, ಕಾಳಿನ ಹೊರಪದರದ ಜೀವಕೋಶಗಳು ಅಮೈಲೇಸ್ ಎಂಬ ಕಿಣ್ವವನ್ನು ಸ್ರವಿಸುತ್ತವೆ. ಅದು ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಮೊಳಕೆಗೆ ಉಣಿಸುತ್ತದೆ. ಮೊಳಕೆ ರಾಗಿಯ ಹಿಟ್ಟು ಸಿಹಿಯಾಗಿರುವುದೂ, ಅದರ ಗಂಜಿ ತೆಳ್ಳಗಾಗುವುದೂ ಈ ಕಾರಣದಿಂದಲೇ. ಕೂಸಿಗೆ ಅದು ಹಿತ. ಮುದ್ದೆಗೆ ಬೇಕಾದ ಬಿಗಿ ಮಾತ್ರ ಅಲ್ಲಿ ಸಿಕ್ಕುವುದಿಲ್ಲ. ಒಮ್ಮೆ ಮೊಳೆತು ಒಣಗಿದ ಕಾಳು ಬಿತ್ತನೆಗೂ ನೆಚ್ಚಿಕೆಯದಲ್ಲ.

ಹಾಗಾದರೆ ಗಾಢನಿದ್ರೆಯ ತಳಿಯನ್ನೇ ಬೆಳೆಯಬಹುದಲ್ಲ ಎಂದು ಕೇಳುವಿರಿ. ಬಿತ್ತಿದ ಮೇಲೂ ಏಳದ ಬೀಜವನ್ನು ಕಟ್ಟಿಕೊಂಡು ರೈತನೇನು ಮಾಡಬೇಕು! ನಮ್ಮ ಪುಣ್ಯಕ್ಕೆ, ಒಣಗಿಸಿ ಇಟ್ಟ ಧಾನ್ಯದಲ್ಲಿ ಈ ನಿದ್ರೆ ದಿನಕ್ರಮದಲ್ಲಿ ತಾನಾಗಿಯೇ ಸಡಿಲುತ್ತದೆ. ದೊಡ್ಡಬಳ್ಳಾಪುರ, ಹೊಸಕೋಟೆಗಳ ಕಡೆ ಮುಂಗಾರಿನ ರಾಗಿಯ ಕೊಯ್ಲು ನವೆಂಬರು ಡಿಸೆಂಬರಿನಲ್ಲಿ; ಮರುಬಿತ್ತನೆ ಜೂನ್ ಜುಲೈ ಹೊತ್ತಿಗೆ. ನಡುವೆ ಆರೇಳು ತಿಂಗಳ ಬಿಡುವುಂಟು. ಕೊಯ್ಲಿನ ಮಳೆಯನ್ನು ದಾಟಿಸಲು ಕೆಲವು ವಾರಗಳ ನಿದ್ರೆ ಸಾಕು. ಆಷಾಢಕ್ಕೆ ಅದು ಹರಿದಿರಬೇಕು. ನಿದ್ರೆಯ ಅಳತೆ ತಳಿಯಿಂದ ತಳಿಗೆ ಬೇರೆಯಾಗುವ ಗುಣವಾದುದರಿಂದ, ಆರಿಸಿ ಬೆಳಸುವುದಕ್ಕೆ ಆಸ್ಪದವುಂಟು. ಇಳುವರಿಯೊಂದನ್ನೇ ಎಣಿಸಿ ತಳಿಯನ್ನು ಹೊಗಳುವ ಪದ್ಧತಿ ನಮಗೆ ಅಷ್ಟಾಗಿ ಒಪ್ಪುವುದಿಲ್ಲ.

ಕೊಯ್ದ ಮೇಲೆಯೂ ಅಪಾಯ ಮುಗಿಯದು. ಹಸಿ ತೆನೆಯನ್ನು ಮೆದೆಯೊಟ್ಟಿದರೆ ಒಳಗೆ ತೇವವೂ ಬೆಚ್ಚನೆಯ ಹಬೆಯೂ ನಿಂತು, ಅಡಿಗೆಮನೆಯ ಬಟ್ಟೆಯ ಗಂಟಿನಲ್ಲಿ ನಡೆಯುವುದೇ ಅಲ್ಲಿಯೂ ನಡೆಯುತ್ತದೆ. ಅದಕ್ಕೇ ಒಕ್ಕಲಿಗನು ಎರಡು ದಿನ ಬಿಸಿಲು ಕಂಡರೆ ಮೆದೆಯನ್ನು ಬಿಚ್ಚಿ ಹರವುತ್ತಾನೆ.