ಕೆಂಪು ರಕ್ತಕಣಗಳ ಲವಣ ಸಮತೋಲನ ಮತ್ತು ಹೃದ್ರೋಗಿಗಳ ಆರೈಕೆ

ಪೀಠಿಕೆ

ಕೆಂಪು ರಕ್ತಕಣವು ತನ್ನೊಳಗೆ ಪೊಟ್ಯಾಸಿಯಂ ಅಧಿಕವಾಗಿಯೂ ಸೋಡಿಯಂ ಅಲ್ಪವಾಗಿಯೂ ಇರುವಂತೆ ಕಾಪಾಡಿಕೊಳ್ಳುತ್ತದೆ. ಕಣದ ಹೊರಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಕಿಣ್ವವು ಈ ಕಾರ್ಯವನ್ನು ನಿರ್ವಹಿಸುತ್ತದೆ. ಇದು ಪ್ರತಿ ಸಾರಿ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. 1957ರಲ್ಲಿ ಈ ಕಿಣ್ವವನ್ನು ವಿವರಿಸಿದ ಡೆನ್ಮಾರ್ಕ್ ದೇಶದ ಜೆನ್ಸ್ ಸ್ಕೌ ಅವರು 1997ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಗೆ ಸಹಭಾಗಿಯಾದರು.

ಹೃದಯದೊಂದಿಗೆ ಸಂಬಂಧ

ಹೃದಯದ ಸ್ನಾಯುಗಳಲ್ಲಿಯೂ ಇಂತಹುದೇ ಪಂಪ್ ಇರುತ್ತದೆ. ಹೃದ್ರೋಗಿಗಳಿಗೆ ನೀಡಲಾಗುವ ಡಿಗಾಕ್ಸಿನ್ ಔಷಧಿಯು ಇದನ್ನು ಭಾಗಶಃ ತಡೆದು ಹೃದಯದ ಸಂಕೋಚನವನ್ನು ಬಲಪಡಿಸುತ್ತದೆ. ಮೂತ್ರವರ್ಧಕ ಮಾತ್ರೆ, ವಾಂತಿ ಅಥವಾ ಭೇದಿಯಿಂದ ರಕ್ತದ ಪೊಟ್ಯಾಸಿಯಂ ಕುಸಿದರೆ ಡಿಗಾಕ್ಸಿನ್‌ನ ವಿಷಪರಿಣಾಮ ಹೆಚ್ಚುತ್ತದೆ. ಪೊಟ್ಯಾಸಿಯಂ ಮಿತಿಮೀರಿದರೂ ಹೃದಯದ ಬಡಿತ ಏರುಪೇರಾಗುತ್ತದೆ. ಕಣಗಿಲೆ ಗಿಡದ ವಿಷವೂ ಇದೇ ಪಂಪನ್ನು ತಡೆಯುತ್ತದೆ.

ರಕ್ತಪರೀಕ್ಷೆಯಲ್ಲಿ ಎಚ್ಚರ

ರಕ್ತದ ದ್ರವಭಾಗದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರುತ್ತದೆ. ರಕ್ತಕಣದ ಒಳಗೆ ಇದರ ಪ್ರಮಾಣ ಸುಮಾರು 20 ಪಟ್ಟು ಅಧಿಕ. ಆದುದರಿಂದ ಮಾದರಿಯಲ್ಲಿನ ಕಣಗಳು ಒಡೆದರೆ ಫಲಿತಾಂಶವು ತಪ್ಪಾಗಿ ಹೆಚ್ಚೆಂದು ಕಂಡುಬರುತ್ತದೆ. ಬೇರ್ಪಡಿಸದ ರಕ್ತವನ್ನು ಮಂಜುಗಡ್ಡೆಯಲ್ಲಿ ಇರಿಸಿದರೂ ಪಂಪ್ ನಿಧಾನವಾಗಿ ಪೊಟ್ಯಾಸಿಯಂ ಹೊರಸೋರುತ್ತದೆ. ಸಂಡೂರು, ಕಂಪ್ಲಿ ತಾಲ್ಲೂಕುಗಳ ಗ್ರಾಮಗಳಿಂದ ದೂರದ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವಾಗ ಈ ಅಂಶವನ್ನು ಗಮನದಲ್ಲಿ ಇಡುವುದು ಅಗತ್ಯ.

ಹೃದ್ರೋಗಿಗಳು ಅನುಸರಿಸಬೇಕಾದ ಕ್ರಮಗಳು

1. ಮೂತ್ರವರ್ಧಕ ಅಥವಾ ಡಿಗಾಕ್ಸಿನ್ ಸೇವಿಸುವವರು ವೈದ್ಯರು ಸೂಚಿಸಿದ ಅವಧಿಗೆ ರಕ್ತಪರೀಕ್ಷೆ ಮಾಡಿಸತಕ್ಕದ್ದು.

2. ಫಲಿತಾಂಶ ಅಸಹಜವಾಗಿದ್ದಲ್ಲಿ ತಾವಾಗಿಯೇ ಮಾತ್ರೆ ನಿಲ್ಲಿಸದೆ, ಅದನ್ನು ಕಡೆಗಣಿಸದೆ, ಅಂದೇ ವೈದ್ಯರನ್ನು ಕಾಣಬೇಕು. ಮರುಪರೀಕ್ಷೆಯ ಅಗತ್ಯವನ್ನು ಅವರು ನಿರ್ಧರಿಸುವರು.

3. ಹಂಪಿ, ಕಂಪ್ಲಿ ಭಾಗದಲ್ಲಿ ತುಂಗಭದ್ರೆಯ ನೀರಿನಿಂದ ಬೆಳೆಯುವ ಬಾಳೆಹಣ್ಣಿನಲ್ಲಿಯೂ ಎಳನೀರಿನಲ್ಲಿಯೂ ಪೊಟ್ಯಾಸಿಯಂ ಇದೆ. ಮೂತ್ರಪಿಂಡದ ತೊಂದರೆ ಇರುವವರು ಹಾಗೂ ಸ್ಪೈರೊನೊಲ್ಯಾಕ್ಟೋನ್ ಸೇವಿಸುವವರು ಇವುಗಳ ಪ್ರಮಾಣವನ್ನು ವೈದ್ಯರಲ್ಲಿ ವಿಚಾರಿಸತಕ್ಕದ್ದು.

4. ಹೊಸಪೇಟೆ, ಸಂಡೂರು ಭಾಗದ ಬೇಸಿಗೆಯಲ್ಲಿ ಬಿಸಿಲಿನಲ್ಲಿ ದುಡಿಯುವ ಹೃದ್ರೋಗಿಗಳು ನೀರು ಮತ್ತು ಉಪ್ಪಿನ ಮಿತಿಯನ್ನು ಮೊದಲೇ ಕೇಳಿ ತಿಳಿದಿರಬೇಕು.

5. ಕಣಗಿಲೆಯ ಎಲೆ, ಹೂವು, ಬೀಜ, ಕಷಾಯಗಳನ್ನು ಯಾವುದೇ ಕಾರಣಕ್ಕೂ ಸೇವಿಸಬಾರದು. ಮಕ್ಕಳಿಗೆ ನಿಲುಕದಂತೆ ಇಡಬೇಕು.

6. ವಾಂತಿ, ದೃಷ್ಟಿಯಲ್ಲಿ ಹಳದಿ ಛಾಯೆ, ಎದೆಬಡಿತದ ಏರುಪೇರು, ತೀವ್ರ ಸ್ನಾಯು ದೌರ್ಬಲ್ಯ ಅಥವಾ ಮೂರ್ಛೆ ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆಮಾಡಿ ಸಮೀಪದ ಆಸ್ಪತ್ರೆಗೆ ತೆರಳಬೇಕು. ಸೇವಿಸುತ್ತಿರುವ ಮಾತ್ರೆಗಳನ್ನು ಜೊತೆಗೆ ಒಯ್ಯಬೇಕು.