ಲೋಕೊ ಪೈಲಟ್ ಹುದ್ದೆಗೆ ಮನಸ್ಸಿನ ಅಳತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ರೈಲ್ವೆಯ ಅಸಿಸ್ಟೆಂಟ್ ಲೋಕೊ ಪೈಲಟ್ ಹುದ್ದೆಗೆ ಅರ್ಜಿ ಹಾಕುವವರು, ಗಣಿತ, ವಿಜ್ಞಾನಗಳ ಪರೀಕ್ಷೆ ದಾಟಿದ ಮೇಲೂ ಮನೋಸಾಮರ್ಥ್ಯ ಪರೀಕ್ಷೆಯನ್ನು, ಅಂದರೆ ಓದಿದ್ದನ್ನಲ್ಲ, ಗಮನ, ನೆನಪಿನ ಶಕ್ತಿ, ಗ್ರಹಿಕೆಯ ವೇಗಗಳನ್ನು ಅಳೆಯುವ ಪರೀಕ್ಷೆಯನ್ನು, ಎದುರಿಸಬೇಕಾಗುತ್ತದೆ.

ಒಂದು ವಿಭಾಗದಲ್ಲಿ ಪೇರಿಸಿಟ್ಟ ಇಟ್ಟಿಗೆಗಳ ಚಿತ್ರ ತೋರಿಸಿ, ಗುರುತಿಸಿದ ಇಟ್ಟಿಗೆಗೆ ಎಷ್ಟು ಇಟ್ಟಿಗೆಗಳು ತಾಗಿವೆ ಎಂದು ಕೇಳಲಾಗುತ್ತದೆ. ಇದು ಆಳವನ್ನು ಗ್ರಹಿಸುವ ಶಕ್ತಿಯ ಅಳತೆ.

ಫಲಿತಾಂಶ ಬರುವುದು ಟಿ-ಅಂಕದಲ್ಲಿ. ಸರಾಸರಿಯನ್ನು 50 ಎಂದಿಟ್ಟುಕೊಂಡು, ಅಭ್ಯರ್ಥಿಯ ಸಾಧನೆ ಅದಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂದು ತಿಳಿಸುವ ಈ ಅಂಕ ಪ್ರತಿ ವಿಭಾಗದಲ್ಲೂ ಕನಿಷ್ಠ 42 ಇರಬೇಕು. ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ, ಯಾವ ವರ್ಗಕ್ಕೂ ರಿಯಾಯಿತಿಯಿಲ್ಲ, ಏಕೆಂದರೆ ಪ್ರಯಾಣಿಕರ ಜೀವ ಚಾಲಕರ ಎಚ್ಚರವನ್ನೇ ನಂಬಿದೆ.

ಆದರೆ 2018ರ ನೇಮಕಾತಿಯಲ್ಲಿ ಈ ಪರೀಕ್ಷೆ ಹಿಂದಿ, ಇಂಗ್ಲಿಷ್‌ಗಳಲ್ಲಿ ಮಾತ್ರ ಇತ್ತು. ಮನಸ್ಸಿನ ಅಳತೆ ಕನ್ನಡಕ್ಕೆ ಹೊಸದೇನಲ್ಲ: ಈ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯದಲ್ಲಿದ್ದ 1930ರ ದಶಕದಲ್ಲೇ ಶಿಕ್ಷಣತಜ್ಞ ವಿ. ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ ಪ್ರಮಾಣೀಕರಿಸಿದ್ದರು, ಅಂದರೆ ಇಲ್ಲಿಯ ಮಕ್ಕಳ ಉತ್ತರಗಳನ್ನೇ ಆಧಾರವಾಗಿಟ್ಟು ಅಳತೆಗೋಲನ್ನು ರೂಪಿಸಿದ್ದರು. ಸೂಚನೆಯ ಭಾಷೆ ಅರ್ಥವಾಗದೆ ಕಳೆದುಕೊಂಡ ಅಂಕ ಗಮನದ ಕೊರತೆಯಲ್ಲ. ಆದ್ದರಿಂದ ಕೆಲಸಕ್ಕೆ ಬೇಕಾದ ಸಾಮರ್ಥ್ಯವನ್ನಷ್ಟೇ ಅಳೆಯಬೇಕೆಂದರೆ, ಇಂತಹ ಪರೀಕ್ಷೆ ಕನ್ನಡದಲ್ಲೂ ನಡೆಯುವುದು ನ್ಯಾಯ.