ಗ್ರಾಫಿಕ್ಸ್ ಕಾರ್ಡ್: ನಮೂದಿತ ವೇಗ ದೊರೆಯದಿದ್ದಾಗ

ಅಚ್ಚು ತಯಾರಿಕೆ, ಶೀಟ್ ಮೆಟಲ್ ಕೆಲಸ, ಜವಳಿ ವಿನ್ಯಾಸ, ಒಳಾಂಗಣ ವಿನ್ಯಾಸ, ಆಭರಣ ವಿನ್ಯಾಸ ಮುಂತಾದ ಉದ್ಯಮಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅಳವಡಿಸಿದ ಗಣಕಯಂತ್ರವು ಇಂದು ಲೇತ್, ಮಿಲ್ಲಿಂಗ್ ಯಂತ್ರಗಳಷ್ಟೇ ಅನಿವಾರ್ಯವಾದ ಸಾಧನವಾಗಿದೆ. ಹತ್ತಾರು ಸಾವಿರ ರೂಪಾಯಿ ತೆತ್ತು ತಂದ ಕಾರ್ಡ್ ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗದಲ್ಲಿ ನಡೆಯುತ್ತಿಲ್ಲವೆಂಬ ದೂರು ಆಗಾಗ್ಗೆ ಕೇಳಿಬರುತ್ತದೆ. ಸಂಜೆಯೊಳಗೆ ಗ್ರಾಹಕರಿಗೆ ತಲುಪಬೇಕಾದ ಚಿತ್ರ ಮರುದಿನಕ್ಕೆ ಬಿದ್ದರೆ ನಷ್ಟ ಉದ್ಯಮಿಯದು; ಸುಸ್ಥಿತಿಯಲ್ಲಿರುವ ಕಾರ್ಡನ್ನು ದೋಷಪೂರಿತವೆಂದು ಹಿಂದಿರುಗಿಸಿದರೆ ಸಾಗಣೆ ವೆಚ್ಚ, ಕಾಲಹರಣ, ಮನಸ್ತಾಪ ಇವೆಲ್ಲವೂ ಕೊಂಡವರಿಗೂ ಮಾರಿದವರಿಗೂ ಸಮನಾಗಿ ತಟ್ಟುತ್ತವೆ. ಆದ್ದರಿಂದ ದೂರು ಬರೆಯುವ ಮುನ್ನ ಆ ಸಂಖ್ಯೆಯ ಅರ್ಥವೇನು, ಅದನ್ನು ಅಳೆಯುವ ಕ್ರಮವೇನು ಎಂಬುದನ್ನು ಅರಿಯುವುದು ಅವಶ್ಯ.

2012ರ ಮಾರ್ಚ್ ತಿಂಗಳಲ್ಲಿ ಎನ್‌ವಿಡಿಯಾ ಸಂಸ್ಥೆಯು ಜಿಟಿಎಕ್ಸ್ 680 ಕಾರ್ಡಿನೊಂದಿಗೆ 'ಜಿಪಿಯು ಬೂಸ್ಟ್' ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅಂದಿನಿಂದ ಒಂದೇ ಕಾರ್ಡಿಗೆ ಎರಡು ವೇಗಗಳನ್ನು ನಮೂದಿಸುವ ಪದ್ಧತಿ ಬೆಳೆದುಬಂದಿತು: ಕೆಳಗಿನದು ಬೇಸ್ ಕ್ಲಾಕ್, ಮೇಲಿನದು ಬೂಸ್ಟ್ ಕ್ಲಾಕ್. ಆ ಕಾರ್ಡಿನಲ್ಲಿ ಇವು ಕ್ರಮವಾಗಿ 1006 ಮತ್ತು 1058 ಮೆಗಾಹರ್ಟ್ಸ್ ಆಗಿದ್ದವು, ಅಂತರ ಅಲ್ಪ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಾದರೋ ಬೇಸ್ 1320, ಬೂಸ್ಟ್ 1777. ಚಿಪ್ಪಿನ ಉಷ್ಣತೆ ಮತ್ತು ವಿದ್ಯುತ್ ಬಳಕೆ ಮಿತಿಯೊಳಗಿರುವವರೆಗೆ ಅದು ತಾನಾಗಿಯೇ ಮೇಲಕ್ಕೇರುತ್ತದೆ, ಮಿತಿ ಮುಟ್ಟಿದೊಡನೆ ಇಳಿಯುತ್ತದೆ. ಎನ್‌ವಿಡಿಯಾ ನಮೂದಿಸುವ ಬೂಸ್ಟ್ ವೇಗವು ಸಾಮಾನ್ಯ ಬಳಕೆಯಲ್ಲಿ ನಿರೀಕ್ಷಿಸಬಹುದಾದ ಸರಾಸರಿ. ಆದ್ದರಿಂದ ತಂಪಾದ ಕೋಣೆಯಲ್ಲಿ ಅದನ್ನು ಮೀರಿದ ಅಂಕಿ ಕಾಣಿಸುವುದೂ ಉಂಟು. ಎಎಮ್‌ಡಿ ಸಂಸ್ಥೆಯ ಲೆಕ್ಕ ಬೇರೆ. ಅದು 2019ರಲ್ಲಿ ತಂದ ಆರ್‌ಎಕ್ಸ್ 5700 ಎಕ್ಸ್‌ಟಿ ಕಾರ್ಡಿಗೆ 1605, 1755, 1905 ಎಂಬ ಮೂರು ವೇಗಗಳನ್ನು ಘೋಷಿಸಿತು. ನಡುವಿನ 'ಗೇಮ್ ಕ್ಲಾಕ್' ವಾಡಿಕೆಯ ವೇಗ. ಕೊನೆಯದು ಕ್ಷಣಮಾತ್ರ ಮುಟ್ಟಬಹುದಾದ ಗರಿಷ್ಠ ಮಿತಿ. ಮಾವಿನ ಬುಟ್ಟಿಯ ಮೇಲ್ಸಾಲಿನಲ್ಲಿ ದಪ್ಪ ಹಣ್ಣನ್ನೇ ಜೋಡಿಸುವ ವ್ಯಾಪಾರ ನಮಗೆ ಹೊಸದೇನಲ್ಲ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರುವುದೂ ಮೇಲಿನ ಸಂಖ್ಯೆಯೇ.

ಈ ಅಂತರವು ಬಹಿರಂಗ ವಿವಾದವಾದ ಪ್ರಸಂಗವೊಂದನ್ನು ಇಲ್ಲಿ ಸ್ಮರಿಸಬಹುದು. 2013ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಎಎಮ್‌ಡಿ ಆರ್9 290ಎಕ್ಸ್ ಕಾರ್ಡಿಗೆ '1 ಗಿಗಾಹರ್ಟ್ಸ್‌ವರೆಗೆ' ಎಂಬ ಒಕ್ಕಣೆಯಿತ್ತು. ಪರೀಕ್ಷೆಗೆಂದು ಪತ್ರಕರ್ತರಿಗೆ ಕಳುಹಿಸಿದ ಕಾರ್ಡುಗಳಿಗಿಂತ ಅಂಗಡಿಯಲ್ಲಿ ಕೊಂಡ ಕೆಲವು ಕಾರ್ಡುಗಳು ನಿಧಾನವಾಗಿರುವುದು ಕಂಡುಬಂದಿತು. ಚಿಪ್ಪು 95 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ವೇಗ ತಗ್ಗಿಸುತ್ತಿತ್ತು; ಸದ್ದು ಕಡಿಮೆ ಮಾಡುವ ವಿಧಾನದಲ್ಲಿ ಫ್ಯಾನಿಗೆ ಶೇಕಡಾ 40ರ ಮಿತಿ ಹಾಕಲಾಗಿತ್ತು. ಶೇಕಡಾ 40 ಎಂದರೆ ಎಲ್ಲ ಫ್ಯಾನುಗಳೂ ಒಂದೇ ಸಮನೆ ತಿರುಗಲಿಲ್ಲ ಎಂಬುದೇ ಇಲ್ಲಿಯ ಗುಟ್ಟು. ಅದೇ ನವೆಂಬರಿನಲ್ಲಿ ಸಂಸ್ಥೆಯು ಹೊಸ ಡ್ರೈವರ್ ತಂತ್ರಾಂಶ ನೀಡಿ, ಶೇಕಡಾವಾರಿನ ಬದಲು ನಿಮಿಷಕ್ಕೆ ಇಂತಿಷ್ಟು ಸುತ್ತು ಎಂದು ಫ್ಯಾನಿನ ವೇಗವನ್ನು ಸಮಗೊಳಿಸಿತು. '-ವರೆಗೆ' ಎಂಬ ಒಂದು ಪ್ರತ್ಯಯಕ್ಕೆ ವ್ಯವಹಾರದಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ಕರಾರು ಬರೆಯುವವರು ಬಲ್ಲರು.

ಇನ್ನು ಅಳತೆಯ ವಿಷಯ. ಕೆಲಸವಿಲ್ಲದಾಗ ಕಾರ್ಡು ತಾನೇ ವೇಗ ಇಳಿಸಿಕೊಂಡಿರುತ್ತದೆ. ಎನ್‌ವಿಡಿಯಾ ಕಾರ್ಡುಗಳಲ್ಲಿ ಆಗ 210 ಮೆಗಾಹರ್ಟ್ಸ್ ತೋರಿಸುವುದು ತೀರ ಸಾಮಾನ್ಯ. ಅದನ್ನು ನೋಡಿ ಗಾಬರಿಗೊಳ್ಳುವುದು ಸಲ್ಲದು. ಉಚಿತವಾಗಿ ದೊರೆಯುವ ಜಿಪಿಯು-ಝಡ್ ತಂತ್ರಾಂಶವನ್ನು ತೆರೆದಿಟ್ಟು, ತಮ್ಮ ನಿತ್ಯದ ರೆಂಡರಿಂಗ್ ಕೆಲಸವನ್ನೇ ಇಪ್ಪತ್ತು ನಿಮಿಷ ನಡೆಸಿ, ವೇಗ, ಬಳಕೆಯ ಶೇಕಡಾವಾರು, ಉಷ್ಣತೆ, ವಿದ್ಯುತ್ ಬಳಕೆ ಈ ನಾಲ್ಕನ್ನೂ ಒಟ್ಟಿಗೆ ಬರೆದುಕೊಳ್ಳತಕ್ಕದ್ದು. ಮೊದಲ ಐದು ನಿಮಿಷದ ಅಂಕಿಯನ್ನು ನಂಬುವಂತಿಲ್ಲ, ಕಾರ್ಡು ಇನ್ನೂ ತಣ್ಣಗಿರುತ್ತದೆ. ಮೆಮೊರಿಯ ವೇಗದಲ್ಲಿಯೂ ಒಂದು ಗೊಂದಲವಿದೆ: ಆರ್‌ಟಿಎಕ್ಸ್ 3060ರ ಒಂದೇ ಮೆಮೊರಿಯನ್ನು ಒಂದು ತಂತ್ರಾಂಶ 1875 ಎಂದೂ ಇನ್ನೊಂದು 7500 ಎಂದೂ, ಪೆಟ್ಟಿಗೆಯು 15 ಗಿಗಾಬಿಟ್ ಎಂದೂ ಹೇಳುತ್ತವೆ. ಎಣಿಸುವ ಕ್ರಮ ಬೇರೆ, ವಸ್ತು ಒಂದೇ.

ಈ ನಾಲ್ಕು ಅಂಕಿಗಳಲ್ಲಿ ಮೊದಲು ನೋಡಬೇಕಾದುದು ಬಳಕೆಯ ಶೇಕಡಾವಾರು. ಅದು ಇಪ್ಪತ್ತು, ಮೂವತ್ತರಲ್ಲಿಯೇ ನಿಂತಿದ್ದರೆ ಕಾರ್ಡಿಗೆ ಕೆಲಸವೇ ಬಂದಿಲ್ಲ. ಕ್ಯಾಡ್ ತಂತ್ರಾಂಶಗಳಲ್ಲಿ ಮಾದರಿ ರಚನೆಯ ಬಹುಪಾಲು ಲೆಕ್ಕಾಚಾರ ಪ್ರೊಸೆಸರಿನ ಒಂದೇ ಕೋರ್‌ನಲ್ಲಿ ನಡೆಯುವುದರಿಂದ, ಎಂತಹ ದುಬಾರಿ ಕಾರ್ಡನ್ನು ಹಾಕಿದರೂ ಅಲ್ಲಿ ಪ್ರಯೋಜನ ಅಲ್ಪ. ಹಣವನ್ನು ಪ್ರೊಸೆಸರಿಗೆ ಹಾಕುವುದೇ ಲೇಸು. ಬಳಕೆ ಸೊನ್ನೆಯ ಆಸುಪಾಸಿನಲ್ಲಿದ್ದರೆ ಗಣಕದ ಹಿಂಬದಿಯನ್ನೊಮ್ಮೆ ನೋಡಬೇಕು. ಮಾನಿಟರಿನ ಕೇಬಲನ್ನು ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿರುವುದು ಬಹಳ ಕಡೆ ಕಂಡುಬರುವ ಸಂಗತಿ.

ಬಳಕೆ ಶೇಕಡಾ 95ಕ್ಕೂ ಮೇಲಿದ್ದು ವೇಗ ಮಾತ್ರ ಇಳಿದಿದ್ದರೆ, ಶಂಕಿಸಬೇಕಾದುದು ಉಷ್ಣತೆಯನ್ನು. ಅನೇಕ ಎನ್‌ವಿಡಿಯಾ ಕಾರ್ಡುಗಳು 83 ಡಿಗ್ರಿಯ ಸುಮಾರಿಗೆ ವೇಗವನ್ನು ಗಣನೀಯವಾಗಿ ಇಳಿಸತೊಡಗುತ್ತವೆ. ಅದಕ್ಕೂ ಮುಂಚೆಯೇ, ಬಿಸಿಯೇರಿದಂತೆಲ್ಲ ಹತ್ತು ಹದಿನೈದು ಮೆಗಾಹರ್ಟ್ಸ್‌ನಷ್ಟು ಮೆಟ್ಟಿಲಿಳಿದಂತೆ ಇಳಿಯುತ್ತವೆ. ಕಲಬುರಗಿ, ರಾಯಚೂರುಗಳ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ ನಲವತ್ತು ಡಿಗ್ರಿ ಮೀರಿರುವಾಗ, ತಂಪು ಪ್ರದೇಶದ ಪ್ರಯೋಗಾಲಯದಲ್ಲಿ ಬರೆದ ಅಂಕಿಯನ್ನು ತಗಡಿನ ಮಾಡಿನ ಷೆಡ್ಡಿನಲ್ಲಿ ಅಪೇಕ್ಷಿಸುವುದು ಹೇಗೆ? ಕಾರ್ಖಾನೆಗಳಲ್ಲಿ ಧೂಳಿನ ಸ್ವರೂಪವೂ ಬೇರೆ. ಮಿಲ್ಲಿಂಗ್ ಯಂತ್ರದ ಕೂಲೆಂಟ್ ಎಣ್ಣೆಯ ಆವಿಯೊಂದಿಗೆ ಬೆರೆತ ಧೂಳು, ಮಗ್ಗದ ನೂಲಿನ ಹೊಟ್ಟು, ಮರದ ಪುಡಿ ಇವು ಹೀಟ್‌ಸಿಂಕಿನ ಸಂದುಗಳಲ್ಲಿ ಗಟ್ಟಿಯಾಗಿ ಕೂರುತ್ತವೆ. ಮೇಲಿನಿಂದ ಒರೆಸಿದರೆ ಹೋಗುವುದಿಲ್ಲ. ಗಣಕವನ್ನು ಆರಿಸಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋಯರ್‌ನಿಂದ ಊದಿ ತೆಗೆಯಬೇಕು. ಕಾರ್ಖಾನೆಯ ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆಯ ಅಂಶವಿರುವುದರಿಂದ ಅದನ್ನು ನೇರವಾಗಿ ಬಳಸುವುದು ಅಪಾಯಕರ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟು ಮತ್ತೊಮ್ಮೆ ಅಳೆದಾಗ ಉಷ್ಣತೆ ಥಟ್ಟನೆ ಇಳಿದರೆ, ದೋಷ ಕಾರ್ಡಿನದಲ್ಲ, ಗಾಳಿಯ ಸಂಚಾರದ್ದು. ಹಳೆಯ ಕಾರ್ಡಾಗಿದ್ದರೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕಾದೀತು. ವಾರಂಟಿ ಉಳಿದಿರುವಾಗ ಸ್ಕ್ರೂ ಬಿಚ್ಚುವ ಮೊದಲು ಷರತ್ತುಗಳನ್ನು ಓದಿಕೊಳ್ಳುವುದು ಕ್ಷೇಮ.

ಉಷ್ಣತೆ ಹಿತಮಿತವಾಗಿದ್ದೂ ವೇಗ ಏರದಿದ್ದರೆ ವಿದ್ಯುತ್ತಿನ ಕಡೆ ಗಮನ ಹರಿಸಬೇಕು. ಆರ್‌ಟಿಎಕ್ಸ್ 3060ರ ಮಿತಿ 170 ವ್ಯಾಟ್. ಭಾರವಾದ ಕೆಲಸದಲ್ಲಿ ಆ ಮಿತಿ ಮುಟ್ಟಿ 1600ರಲ್ಲಿ ನಿಂತರೆ ಅದು ದೋಷವಲ್ಲ, ವಿನ್ಯಾಸವೇ ಹಾಗೆ. ಮಿತಿಗಿಂತ ಬಹಳ ಕೆಳಗೆ, ಬೇಸ್ ವೇಗವಾದ 1320ಕ್ಕಿಂತಲೂ ಕಡಿಮೆಯಲ್ಲಿ ನಿಂತರೆ ಮಾತ್ರ ತಪಾಸಣೆ ಅಗತ್ಯ. ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್, ಎಂಟು ಪಿನ್ನಿನ ತಂತಿ 150 ವ್ಯಾಟ್ ಒದಗಿಸುವಂತೆ ರಚಿತವಾಗಿವೆ. ಪಿನ್ನು ಪೂರ್ಣ ಕೂತಿದೆಯೇ, ಅಗ್ಗದ ಪರಿವರ್ತಕ ತಂತಿ ಸೇರಿಸಲಾಗಿದೆಯೇ ಎಂದು ನೋಡತಕ್ಕದ್ದು. ಎನ್‌ವಿಡಿಯಾ ಕಾರ್ಡುಗಳಿಗೆ ಜಿಪಿಯು-ಝಡ್ ತಂತ್ರಾಂಶದ 'ಪರ್ಫ್‌ಕ್ಯಾಪ್ ರೀಸನ್' ಎಂಬ ಸಾಲು ವೇಗವನ್ನು ತಡೆದಿರುವುದು ಶಾಖವೋ ವಿದ್ಯುತ್ತೋ ಎಂಬುದನ್ನು ನೇರವಾಗಿಯೇ ತಿಳಿಸುತ್ತದೆ.

ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಮಾತು. ಹೆಸರು ಅದೇ ಆರ್‌ಟಿಎಕ್ಸ್ 3060 ಆದರೂ ಲ್ಯಾಪ್‌ಟಾಪಿನಲ್ಲಿ ತಯಾರಕರು ಅದಕ್ಕೆ 60ರಿಂದ 115 ವ್ಯಾಟ್‌ವರೆಗೆ ಯಾವುದೇ ಮಿತಿ ಇಡಬಹುದು; ಬೂಸ್ಟ್ ವೇಗವೂ ಅದಕ್ಕೆ ತಕ್ಕಂತೆ 1283ರಿಂದ 1703ರವರೆಗೆ ಬದಲಾಗುತ್ತದೆ. ವ್ಯಾಟ್ ಕೇಳದೆ ದರ ಕೇಳುವುದು ವ್ಯರ್ಥ. ಸೆಕೆಂಡ್ ಹ್ಯಾಂಡ್ ಕಾರ್ಡುಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ ಹಗಲಿರುಳು ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. ಗಣಿಗಾರಿಕೆಗೆಂದು ವಿದ್ಯುತ್ ಮಿತಿ ತಗ್ಗಿಸಿ ಬಯಾಸ್ ತಿದ್ದಿದ ಕಾರ್ಡು ಎಷ್ಟು ತಂಪಾಗಿದ್ದರೂ ಪೂರ್ಣ ವೇಗ ಮುಟ್ಟಲಾರದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲಿಯೇ ಆಗಲಿ, ಅಂಗಡಿಯಲ್ಲಿಯೇ ಭಾರ ಹಾಕಿ ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ವೇಗವು ಬೇಸ್‌ಗಿಂತ ಕೆಳಗಿದ್ದು, ಬೇರೊಂದು ಗಣಕದಲ್ಲಿ ಹಾಕಿದಾಗಲೂ ಹಾಗೆಯೇ ಇದ್ದರೆ ವಾರಂಟಿ ಕೋರುವ ಹಕ್ಕು ಗಟ್ಟಿಯಾಗುತ್ತದೆ. ಬೂಸ್ಟ್ ವೇಗ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಬರೆದ ದೂರು ನಿಲ್ಲುವುದು ಕಷ್ಟ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರು 'ಗ್ರಾಹಕ'ರೆನಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ತಾವೇ ಬಳಸುವವರಿಗೆ ಮಾತ್ರ ವಿನಾಯಿತಿಯಿದೆ. ಆದುದರಿಂದ ಹತ್ತು ಗಣಕ ಕೊಳ್ಳುವ ಕಾರ್ಖಾನೆಗೆ ಖರೀದಿ ಆದೇಶದ ಒಕ್ಕಣೆಯೇ ಆಧಾರ. ಅದರಲ್ಲಿ ಕಾರ್ಡಿನ ಪೂರ್ಣ ಮಾದರಿ, ಬೇಸ್ ವೇಗ, ವಿದ್ಯುತ್ ಮಿತಿ, ಒಪ್ಪಿತ ಪರೀಕ್ಷೆ ಮತ್ತು ಬದಲಿಸಿಕೊಡುವ ಅವಧಿಯನ್ನು ಬರೆಸಬೇಕು. ಮಾರಾಟಗಾರರು ಜಿಎಸ್‌ಟಿ ಬಿಲ್ಲಿನಲ್ಲಿ ಕಾರ್ಡಿನ ಕ್ರಮಸಂಖ್ಯೆ ನಮೂದಿಸಿ, ಕೊಡುವ ಮುನ್ನ ನಡೆಸಿದ ಪರೀಕ್ಷೆಯ ಅಂಕಿಗಳ ಒಂದು ಪ್ರತಿಯನ್ನು ಅದರೊಂದಿಗೆ ಲಗತ್ತಿಸಿದರೆ, ಮುಂದೆ ವಾರಂಟಿ ಕೋರುವಾಗ ಎರಡೂ ಕಡೆಯವರಿಗೆ ಅದೇ ದಾಖಲೆಯಾಗುತ್ತದೆ.